ತಿರುಮಲೇಶ ಕಟ್ಟೆಗೆ ಜಾಗ ಹುಡುಕಿದ್ದು

ಮುಂಬಯಿಯಲ್ಲಿ ಜನ ಮನೆಗೆ ಜಾಗ ಹುಡುಕುತ್ತಾರೆ, ಅಂಗಡಿಗೆ ಜಾಗ ಹುಡುಕುತ್ತಾರೆ, ಲೋಕಲ್‌ನಲ್ಲಿ ಒಂದು ಕಾಲೂರಲು ಜಾಗ ಹುಡುಕುತ್ತಾರೆ. ಭಾಂಡುಪಿನ ತಿರುಮಲೇಶ ಮಾತ್ರ ಸುಮಾರು ಹತ್ತು ವರ್ಷ ಹರಟೆಗೆ ಜಾಗ ಹುಡುಕಿದ. ಅದೂ ಅಂತಿಂಥ ಜಾಗವಲ್ಲ. ತಾನು ನಿವೃತ್ತನಾದ ಮೇಲೂ, ಸಾಧ್ಯವಾದರೆ ತಾನು ಸತ್ತ ಮೇಲೂ ಹರಟೆ ನಿಲ್ಲದೆ ನಡೆಯುವಂಥ ಜಾಗ.

ಅವನು ಮೈಸೂರಿನವನು. ಫೋರ್ಟಿನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಆಫೀಸರ್. ಹೆಂಡತಿ ಕೌಸಲ್ಯಾ, ಒಬ್ಬಳು ಮಗಳು. ಮಗಳು ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅದೇ ಅವನ ಭಯದ ಮೂಲ. ಮನೆಯೊಳಗೇ ಹೀಗಾದರೆ ಇನ್ನು ಇಪ್ಪತ್ತು ವರ್ಷಕ್ಕೆ ತನ್ನೊಡನೆ ಬಾಯಿತುಂಬ ಕನ್ನಡ ಮಾತಾಡುವವರು ಈ ಊರಿನಲ್ಲಿ ಯಾರು ಉಳಿದಾರು ಎಂದು ಅವನು ಬೆರಳು ಮಡಿಸಿ ಎಣಿಸುತ್ತಿದ್ದ. ಆದ್ದರಿಂದ ಎಂಬತ್ತಮೂರರಲ್ಲಿ ಅವನು ಹತ್ತು ಹನ್ನೆರಡು ಗೆಳೆಯರನ್ನು ಸೇರಿಸಿ ಒಂದು ಕೂಟ ಕಟ್ಟಿದ. ಹೆಸರು 'ಕಟ್ಟೆ'. ಊರಿನಲ್ಲಾದರೆ ಅರಳಿಮರದ ಕೆಳಗೆ ಕಲ್ಲಿನ ಕಟ್ಟೆ ಇರುತ್ತದೆ, ಯಾರೂ ಏನೂ ಮಾಡದಿದ್ದರೂ ಅಲ್ಲಿ ಜನ ಬಂದು ಕೂರುತ್ತಾರೆ. ಇಲ್ಲಿ ಜನ ಇದ್ದರು, ಹರಟೆ ಇತ್ತು, ಕಲ್ಲು ಮಾತ್ರ ಇರಲಿಲ್ಲ.

ಕಟ್ಟೆ ಮೊದಲು ಕೂತದ್ದು ಬೆಳಗಿನ ಲೋಕಲ್‌ನಲ್ಲಿ. ಡೊಂಬಿವಲಿಯಿಂದ ಬರುತ್ತಿದ್ದ ನಂಜುಂಡ ಕರವಸ್ತ್ರ ಹಾಸಿ ಸೀಟು ಹಿಡಿದಿಡುತ್ತಿದ್ದ. ಅವನು ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಕ್ಷೆ ಬರೆಯುವವನು, ಜೋರು ನಗೆಯವನು. ಭಾಂಡುಪಿನಲ್ಲಿ ತಿರುಮಲೇಶ ಹತ್ತಿಕೊಳ್ಳುತ್ತಿದ್ದ, ಮುಂದೆ ಮಿಕ್ಕವರು. ಕೊನೆಯ ಸ್ಟೇಷನ್ನು ವಿ.ಟಿ. ಬರುವುದರೊಳಗೆ ಜಗತ್ತಿನ ಅರ್ಧ ಸಮಸ್ಯೆ ಬಗೆಹರಿದಿರುತ್ತಿತ್ತು. ರೈಲ್ವೆಯವರು ವೇಳಾಪಟ್ಟಿ ಬದಲಿಸಿದರು, ಗಾಡಿ ಫಾಸ್ಟ್ ಆಯಿತು, ಭಾಂಡುಪಿನಲ್ಲಿ ನಿಲ್ಲಲೇ ಇಲ್ಲ. ಕಟ್ಟೆಯ ಸ್ಥಾಪಕ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ, ಕಟ್ಟೆ ಅವನ ಮುಂದೆಯೇ ಹಾದುಹೋಯಿತು. ನಂಜುಂಡ ಕಿಟಕಿಯಿಂದ ಕೈಬೀಸಿದನಂತೆ.

ಆಮೇಲೆ ಫೋರ್ಟಿನಲ್ಲಿ ಪೂವಪ್ಪನ ಉಡುಪಿ ಹೋಟೆಲಿನ ಅಟ್ಟ. ಪೂವಪ್ಪ ಪುತ್ತೂರು ಕಡೆಯವನು, ಧಾರಾಳಿ. ಎರಡು ವರ್ಷ ಶನಿವಾರ ಮಧ್ಯಾಹ್ನ ಇವರಿಗೆಂದೇ ಮೇಲಿನ ಮೇಜುಗಳನ್ನು ಬಿಟ್ಟುಕೊಟ್ಟಿದ್ದ. ಆದರೆ ಒಂದು ಕಾಫಿಗೆ ಎರಡು ಗಂಟೆ ಕೂರುವ ಹನ್ನೆರಡು ಮಂದಿಯನ್ನು ಯಾವ ಹೋಟೆಲು ಎಷ್ಟು ಕಾಲ ಸಹಿಸೀತು? ಅಟ್ಟಕ್ಕೆ ಎ.ಸಿ. ಬಂತು, ಗಾಜಿನ ಬಾಗಿಲು ಬಂತು, ಬಾಗಿಲಿನ ಮೇಲೆ 'ಫ್ಯಾಮಿಲಿ' ಎಂಬ ಬರಹ ಬಂತು. ಪೂವಪ್ಪ ಬಹಳ ನೊಂದುಕೊಂಡೇ ಹೇಳಿದ. ಕೆಳಗೆ ಕೂತು ಯಾವಾಗ ಬೇಕಾದರೂ ಕಾಫಿ ಕುಡಿಯಬಹುದು, ಆದರೆ ಕುಡಿದು ಏಳಬೇಕು ಎಂದ.

ಮೂರನೆಯದು ಮಾಟುಂಗಾದ ಒಂದು ಶಾಲೆಯ ಕೋಣೆ. ಅಲ್ಲಿ ಕಟ್ಟೆ ಸತ್ತದ್ದು ಬೀಗದ ಕೈಯಿಂದ. ಬೀಗದ ಕೈ ಇರುವವನು ಬರುತ್ತಿರಲಿಲ್ಲ, ಬಂದವರ ಹತ್ತಿರ ಬೀಗದ ಕೈ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ತಿರುಮಲೇಶ ಕಂಪ್ಯೂಟರ್ ವಿಭಾಗದವನು, ಪೆಟ್ಟು ತಿಂದಷ್ಟೂ ಪದ್ಧತಿ ಹುಡುಕುವವನು. ಕೂಟಗಳು ಸಾಯುವುದು ಜನರಿಂದಲ್ಲ, ಜಾಗದಿಂದ ಎಂದು ಅವನು ತೀರ್ಮಾನಿಸಿದ. ಹಾಗಾದರೆ ಬೇಕಾದದ್ದು ವೇಳಾಪಟ್ಟಿ ಇಲ್ಲದ, ಮಾಲೀಕನಿಲ್ಲದ, ಬೀಗವಿಲ್ಲದ ಜಾಗ. ಅಂಥದ್ದು ಭೂಮಿಯ ಮೇಲೆ ಇಲ್ಲವೆಂದು ಗೊತ್ತಾದದ್ದೇ ಅವನ ಕಣ್ಣು ಟೆಲಿಫೋನ್ ತಂತಿಯ ಮೇಲೆ ಬಿತ್ತು.

ತೊಂಬತ್ತೊಂದರ ಹೊತ್ತಿಗೆ ಮುಂಬಯಿಯಲ್ಲಿ ಕೆಲವು ಉತ್ಸಾಹಿಗಳು ಮನೆಯ ಕಂಪ್ಯೂಟರನ್ನು ಫೋನಿಗೆ ಜೋಡಿಸಿ 'ಬೋರ್ಡ್' ನಡೆಸುತ್ತಿದ್ದರು. ನಡುವೆ ಮೋಡೆಮ್ ಎಂಬ ಒಂದು ಪೆಟ್ಟಿಗೆ. ಹೊರಗಿನವನು ತನ್ನ ಕಂಪ್ಯೂಟರಿನಿಂದ ಆ ನಂಬರಿಗೆ ಫೋನು ಮಾಡಿದರೆ ಈ ಪೆಟ್ಟಿಗೆ ಕಿರ್ರೆಂದು ಕಿರುಚಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಅವನು ಹಿಂದಿನವರು ಬರೆದದ್ದನ್ನು ಓದಿ, ತನ್ನದನ್ನು ಬರೆದು, ಫೋನಿಟ್ಟು ಹೋಗಬೇಕು. ಒಂದು ಸಲಕ್ಕೆ ಒಬ್ಬನೇ. ಹನ್ನೆರಡು ಮಂದಿಯ ಹರಟೆಯನ್ನು ಒಬ್ಬೊಬ್ಬರೇ ಬಂದು ಮಾಡುವುದು ಹೇಗೆ ಎಂದು ಕೌಸಲ್ಯಾ ಒಮ್ಮೆ ಕೇಳಿದಳು. ಅದು ಅವಳಿಗೆ ಅರ್ಥವಾಗುವುದಿಲ್ಲ ಎಂದು ತಿರುಮಲೇಶ ಹೇಳಿದ. ಅವನಿಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ.

ಬೋರ್ಡ್ ನಡೆಸುವ ಸಾಫ್ಟ್‌ವೇರ್ ನಾಲ್ಕಾರು ಬಗೆಯದು ಸಿಗುತ್ತಿತ್ತು. ಯಾವುದು ಒಳ್ಳೆಯದೆಂದು ಆರಿಸಲು ಅವನಿಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಮಗಳಿಗೆ ವರ ನೋಡುವ ತಂದೆಯೂ ಅಷ್ಟು ವಿಚಾರಿಸಲಾರ. ಒಂದರಲ್ಲಿ ಅಕ್ಷರ ಚೆಂದ, ಆದರೆ ನಡತೆ ನಂಬುವಂತಿಲ್ಲ, ನಡುನಡುವೆ ನಿಂತುಬಿಡುತ್ತದೆ. ಇನ್ನೊಂದು ಗಟ್ಟಿ, ಆದರೆ ಬರೆದವನು ಅಮೆರಿಕದ ಯಾವುದೋ ಊರಿನ ಒಬ್ಬಂಟಿ, ನಾಳೆ ಅವನು ಕೈಬಿಟ್ಟರೆ ಕೇಳುವವರಾರು? ಲ್ಯಾಮಿಂಗ್ಟನ್ ರೋಡಿನಲ್ಲಿ ಮೋಡೆಮ್ ಕೊಳ್ಳುವಾಗ ಇದು ಇಪ್ಪತ್ತು ವರ್ಷ ಬಾಳುತ್ತದೆಯೇ ಎಂದು ಅವನು ಅಂಗಡಿಯವನನ್ನು ಕೇಳಿದ. ಅಂಗಡಿಯವನು ಇವನನ್ನು ಮೇಲಿಂದ ಕೆಳಗೆ ನೋಡಿ, ಗ್ಯಾರಂಟಿ ಆರು ತಿಂಗಳು, ಆಮೇಲೆ ದೇವರ ಇಚ್ಛೆ ಎಂದು ಹಿಂದಿಯಲ್ಲಿ ಹೇಳಿ ಮುಂದಿನ ಗಿರಾಕಿಯತ್ತ ತಿರುಗಿದ.

ಅವನು ವಿಚಾರಿಸದೇ ಬಿಟ್ಟದ್ದು ಒಂದೇ ವಿಷಯ. ಮೋಡೆಮ್ ಜೋಡಿಸಬೇಕಾದ ಮನೆಯ ಫೋನು ಆಗಲೇ ಖಾಲಿ ಇರಲಿಲ್ಲ.

ಬ್ಯಾಂಕಿನ ಕೋಟಾದಲ್ಲಿ ಬಂದ ಆ ಫೋನು ಇಡೀ ಬಿಲ್ಡಿಂಗಿಗೆ ಮೊದಲನೆಯದು. ಆ ಕಾಲದ ಮುಂಬಯಿಯಲ್ಲಿ ಒಂದು ಮನೆಗೆ ಫೋನು ಬಂದರೆ ಅದು ಸುತ್ತಲಿನ ಹತ್ತು ಮನೆಗೂ ಬಂದ ಹಾಗೆ. ಮದುವೆ ಕಾಗದದಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಪಕ್ಕದ ಮನೆಯ ನಂಬರು ಹಾಕಿ ಮುಂದೆ 'ಪಿ.ಪಿ.' ಎಂದು ಬರೆದರಾಯಿತು. ಕರೆ ಬಂದಾಗ ಫೋನಿನ ಮನೆಯವರು ಹೋಗಿ ಕರೆದು ತರಬೇಕು, ಇಲ್ಲವೇ ಸುದ್ದಿ ಮುಟ್ಟಿಸಬೇಕು. ಈ ಕೆಲಸ ಕೌಸಲ್ಯಾಳದು. ಅವಳು ಅಡಿಗೆಮನೆಯ ಕಿಟಕಿಯಿಂದ ಕೂಗಿದರೆ ಮೂರನೆಯ ಮಾಳಿಗೆಯ ರಾಚವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಳಿದು ಬರುತ್ತಿದ್ದಳು. ಅವಳ ಮಗಳನ್ನು ಗದಗಿಗೆ ಮದುವೆಮಾಡಿ ಕೊಟ್ಟಿತ್ತು. ಮಗಳ ಜೊತೆ ಮಾತಾಡಿ ಆದ ಮೇಲೆ ರಾಚವ್ವ ಅಷ್ಟನ್ನೂ ಮತ್ತೊಮ್ಮೆ ಕೌಸಲ್ಯಾಳಿಗೆ ಹೇಳುತ್ತಿದ್ದಳು, ಆಗಲೇ ಅವಳಿಗೆ ಮಾತಾಡಿದ ಹಾಗಾಗುತ್ತಿದ್ದದ್ದು.

ತೊಂಬತ್ತೆರಡರ ಯುಗಾದಿಯ ದಿನ ಕಟ್ಟೆ ತಂತಿಯ ಮೇಲೆ ಕೂತಿತು. ಸಂಜೆ ಏಳರಿಂದ ಒಂಬತ್ತು ಬೋರ್ಡಿನ ಸಮಯ. ಮೊದಲ ವಾರವೇ ರಾಚವ್ವ ಗಾಬರಿಯಿಂದ ಇಳಿದು ಬಂದಳು. ಮಗಳು ಸಂಜೆ ಫೋನು ಮಾಡಿದ್ದಳಂತೆ.

"ಯಕ್ಕಾ, ನಿಮ್ಮ ಫೋನಿನ್ಯಾಗ ಯಾರದೋ ಕುತ್ತಿಗಿ ಹಿಚುಕಿದಂಗ ಒದರಾಕ ಹತ್ತಿತ್ತಂತ. ಮನ್ಯಾಗ ಎಲ್ಲಾರೂ ಆರಾಮ ಅದೀರೇನ?"

ಕೌಸಲ್ಯಾ ಗಂಡನೊಡನೆ ಜಗಳ ಮಾಡಲಿಲ್ಲ. ಸಂಜೆ ಆ ಕಿರುಚುವ ಪೆಟ್ಟಿಗೆ ಇರುತ್ತದೆ, ಹಗಲು ಹೊತ್ತು ಮಾಡಿ ಎಂದು ಎಲ್ಲರಿಗೂ ಹೇಳಿಬಿಟ್ಟಳು. ರಾಚವ್ವನ ಮಗಳಿಗೆ ಹೇಳಿದಳು. ಬಿಲ್ಡಿಂಗಿನವರಿಗೆಲ್ಲ ಹೇಳಿದಳು. ಕಟ್ಟೆಯ ಗೆಳೆಯರಿಗೂ ಹೇಳಿದಳು, ಯಾಕೆಂದರೆ ಹನ್ನೆರಡು ಮಂದಿಯಲ್ಲಿ ಕಂಪ್ಯೂಟರು, ಮೋಡೆಮ್ ಎರಡೂ ಇದ್ದವರು ಮೂವರೇ. ತಿರುಮಲೇಶನೇ ಒಬ್ಬ, ಬೋರಿವಲಿಯ ಒಬ್ಬ ಮಿತಭಾಷಿ ಎಂಜಿನಿಯರ್ ಇನ್ನೊಬ್ಬ, ಕಂಪನಿಯ ಯಂತ್ರದಿಂದ ಆಫೀಸು ಮುಗಿದ ಮೇಲೆ ಬರೆಯುತ್ತಿದ್ದ ನಂಜುಂಡ ಮೂರನೆಯವನು. ಮಿಕ್ಕವರೂ ವರ್ಷದೊಳಗೆ ಕೊಳ್ಳುತ್ತಾರೆ ಎಂದು ತಿರುಮಲೇಶ ಬಲವಾಗಿ ನಂಬಿದ್ದ. ಅವರು ಕೊಳ್ಳಲಿಲ್ಲ. ಹಗಲು ಹೊತ್ತು ಮಾಮೂಲಿ ಫೋನಿನಿಂದ ಮಾಮೂಲಿಯಾಗಿ ಮಾತಾಡಿದರು, ಕೌಸಲ್ಯಾಳ ಜೊತೆ.

ಇತ್ತ ತಿರುಮಲೇಶನಿಗೆ ಬೋರ್ಡಿನ ಮೇಲೆ ಎಷ್ಟು ನಂಬಿಕೆ ಬಂತೆಂದರೆ ಪೂವಪ್ಪನ ಹೋಟೆಲಿಗೆ ಹೋಗುವುದನ್ನೂ ಬಿಟ್ಟ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕಂಪ್ಯೂಟರಿನ ಮುಂದೆಯೇ ಉಂಡು ಸಂಜೆ ಬರೆಯಬೇಕಾದ್ದನ್ನು ಯೋಚಿಸುತ್ತಿದ್ದ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಅದನ್ನು ಓದುವುದು ಕಲ್ಲು ಆರಿಸುತ್ತ ಅನ್ನ ಉಣ್ಣುವ ಕೆಲಸ. ಆದರೂ ಅವನು ಬರೆದ, ಮಿಕ್ಕಿಬ್ಬರು ಉತ್ತರಿಸಿದರು. ನಂಜುಂಡನ ಬರಹದಲ್ಲಿ ಅವನ ನಗೆ ಮಾತ್ರ ಕೇಳುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ನಂಜುಂಡನ ಬರಹವೇ ನಿಂತಿತು. ಸೋಮಾರಿ ಎಂದುಕೊಂಡು ತಿರುಮಲೇಶ ಬೋರ್ಡಿನ ಮೇಲೆ, 'ನಂಜುಂಡನಿಗೆ ಕಟ್ಟೆ ಸಾಕಾಯಿತೇ?' ಎಂದು ಒಂದು ಚುಚ್ಚುಮಾತು ಹಾಕಿದ. ಅದಕ್ಕೂ ಉತ್ತರ ಬರಲಿಲ್ಲ.

ಡಿಸೆಂಬರ್ ಜನವರಿಯಲ್ಲಿ ಗಲಭೆಯೆದ್ದು ಊರು ಹೊತ್ತಿ ಉರಿಯಿತು. ಕರ್ಫ್ಯೂ ದಿನಗಳಲ್ಲಿ ಎಲ್ಲರೂ ಸುರಕ್ಷಿತವೆಂದು ಒಬ್ಬೊಬ್ಬರಾಗಿ ಫೋನು ಮಾಡಿ ತಿಳಿಸಿದರು. ಆ ಕರೆಗಳನ್ನೂ ಕೌಸಲ್ಯಾಳೇ ತೆಗೆದುಕೊಂಡಿದ್ದಳು. ಆ ದಿನಗಳಲ್ಲಿ ತಾನು ಬೋರ್ಡನ್ನು ಒಂದು ಸಂಜೆಯೂ ನಿಲ್ಲಿಸಲಿಲ್ಲವೆಂದು ತಿರುಮಲೇಶನಿಗೆ ಹೆಮ್ಮೆ ಇತ್ತು. ಬರೆದವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಫೆಬ್ರವರಿಯ ಒಂದು ಮಧ್ಯಾಹ್ನ ಮನೆಯಿಂದ ಊಟದ ಡಬ್ಬಿ ಬರಲಿಲ್ಲ. ಬಹಳ ದಿನದ ಮೇಲೆ ತಿರುಮಲೇಶ ಪೂವಪ್ಪನ ಹೋಟೆಲಿಗೆ ಹೋದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಪೂವಪ್ಪ ಅವನನ್ನು ನೋಡಿದ್ದೇ ಎದ್ದು ನಿಂತು ಕೇಳಿದ.

"ಬನ್ನಿ ಬನ್ನಿ ಸಾರ್. ರಾಮಸ್ವಾಮಿಯವರಿಗೆ ಹೇಗುಂಟು ಈಗ? ನಿನ್ನೆ ಗಂಜಿ ಕಳಿಸಿದ್ದೆ ಮಾರಾಯ್ರೆ, ಸ್ವಲ್ಪ ಆದ್ರೂ ಕುಡಿದ್ರಂತಾ?"

ತಿರುಮಲೇಶನಿಗೆ ಒಂದೂ ಅರ್ಥವಾಗಲಿಲ್ಲ. ರಾಮಸ್ವಾಮಿಯವರು ಕಟ್ಟೆಯಲ್ಲಿ ಎಲ್ಲರಿಗಿಂತ ಹಿರಿಯರು, ನಿವೃತ್ತ ಹೆಡ್‌ಮಾಸ್ಟರು, ಮುಲುಂಡಿನಲ್ಲಿ ವಾಸ. ಭಾಂಡುಪಿನ ಮುಂದಿನ ಸ್ಟೇಷನ್ನೇ. ಅವರಿಗೆ ಹೃದಯಾಘಾತವಾಗಿ ಆಸ್ಪತ್ರೆಗೆ ಸೇರಿಸಿ ಒಂದು ವಾರ ಕಳೆದಿತ್ತು. ಕಟ್ಟೆಯವರೆಲ್ಲ ಪಾಳಿ ಹಾಕಿಕೊಂಡು ಹೋಗಿ ನೋಡಿಬಂದಿದ್ದರು. ಮಾತೇ ಆಡದ ಬೋರಿವಲಿಯ ಎಂಜಿನಿಯರ್ ಕೂಡ ಎರಡು ಗಾಡಿ ಬದಲಿಸಿ ಹೋಗಿದ್ದನಂತೆ. ಪೂವಪ್ಪ ಇಷ್ಟನ್ನು ಹೇಳುತ್ತ ಹೇಳುತ್ತ ತಿರುಮಲೇಶನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

ತಿರುಮಲೇಶ ಕಾಫಿ ಮುಟ್ಟದೆ ಎದ್ದ. ರಜೆ ಬರೆದುಕೊಟ್ಟು ನೇರ ಮುಲುಂಡಿಗೆ ಹೋದ. ದಾರಿಯುದ್ದಕ್ಕೂ ಅವನಿಗೆ ಎಲ್ಲರ ಮೇಲೂ ಕೋಪ. ಆಸ್ಪತ್ರೆಯ ಬಾಗಿಲಲ್ಲಿ ಆ ಕೋಪ ಇಳಿದುಹೋಗಿ ಬರೀ ನಾಚಿಕೆ ಉಳಿಯಿತು. ರಾಮಸ್ವಾಮಿಯವರು ದಿಂಬಿಗೆ ಒರಗಿ ಕೂತಿದ್ದರು. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು.

"ಬಂದೆಯಾ," ಎಂದರು. "ಎಲ್ಲರೂ ಬಂದು ಹೋದರು. ನೀನು ಹತ್ತಿರದವನು, ನೀನೇ ಮೊದಲು ಬರ್ತೀಯ ಅಂತ ದಿನಾ ಬಾಗಿಲು ನೋಡ್ತಿದ್ದೆ ಕಣಪ್ಪ."

ತನಗೆ ಗೊತ್ತಿರಲಿಲ್ಲ ಎಂದು ತಿರುಮಲೇಶ ಹೇಳಿದ. ಹೇಳುವಾಗಲೇ ಅದು ಎಷ್ಟು ಹುರುಳಿಲ್ಲದ ಮಾತು ಎಂದು ಅವನಿಗೇ ಕೇಳಿಸಿತು. ಸುದ್ದಿ ಎಲ್ಲರಿಗೂ ಹೋದದ್ದು ಅವನ ಮನೆಯ ಫೋನಿನಿಂದಲೇ, ಕೌಸಲ್ಯಾಳ ಬಾಯಿಂದಲೇ. ಅದನ್ನು ರಾಮಸ್ವಾಮಿಯವರು ಎತ್ತಿ ಆಡಲಿಲ್ಲ. ಅವನ ಕೈಮೇಲೆ ಕೈಯಿಟ್ಟು, ಬೋರ್ಡು ಹೇಗೆ ನಡೆದಿದೆ ಎಂದು ವಿಚಾರಿಸಿದರು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದು ಅವನು ಕೌಸಲ್ಯಾಳನ್ನು ಕೇಳಿದ, ನನಗೆ ಯಾಕೆ ಹೇಳಲಿಲ್ಲ ಎಂದು. ಅವಳು ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ನಿಜವಾಗಿ ಬೆಚ್ಚಿದಳು.

"ಅಯ್ಯೋ, ನಿಮಗೆ ಗೊತ್ತಿಲ್ವಾ? ಸುದ್ದಿ ಬಂದಾಗಿಂದ ನೀವು ಸಪ್ಪಗೆ ಆ ಪೆಟ್ಟಿಗೆ ಮುಂದೆ ಕೂತಿರ್ತಿದ್ರಿ. ಯಾರೋ ಹೇಳಿರ್ತಾರೆ, ಅದಕ್ಕೇ ಹಾಗೆ ಕೂತಿದೀರ ಅಂದ್ಕೊಂಡೆ ಕಣ್ರೀ. ಹೋಗಿ ನೋಡ್ಕೊಂಡು ಬಂದಿರ್ತೀರ, ಕೇಳಿದ್ರೆ ಬೇಜಾರಾಗುತ್ತೆ ಅಂತ ನಾನೂ ಸುಮ್ನಿದ್ದೆ."

ಬೋರ್ಡಿನಲ್ಲಿ ಒಬ್ಬರಾದರೂ ಒಂದು ಸಾಲು ಹಾಕಬಹುದಿತ್ತಲ್ಲ ಎಂದು ಅವನು ಗೊಣಗಿದ. ಕೌಸಲ್ಯಾ ಅವನನ್ನು ವಿಚಿತ್ರವಾಗಿ ನೋಡಿದಳು. ಹಿರಿಯರು ಆಸ್ಪತ್ರೆಯಲ್ಲಿದ್ದಾರೆ ಅನ್ನೋದನ್ನ ಯಾರಾದರೂ ಬರೆದು ಹತ್ತು ಜನ ಓದುವ ಕಡೆ ಹಾಕುತ್ತಾರೆಯೇ? ಊರಿನಲ್ಲಿ ಅಂಥ ಅಶುಭದ ಸುದ್ದಿ ಕಾರ್ಡಿನಲ್ಲಿ ಬಂದರೂ ಓದಿ ಹರಿದು ಹಾಕುವುದಿಲ್ಲವೇ? ಅದು ಒಬ್ಬರ ಕಿವಿಗೆ ಒಬ್ಬರು ಹೇಳುವಂಥದ್ದು. ತಿರುಮಲೇಶನಿಗೆ ಇದು ಚಿಕ್ಕಂದಿನಿಂದ ಗೊತ್ತಿದ್ದ ವಿಷಯವೇ. ಇಡೀ ಮಳೆಗಾಲ ಕೂತು ಸಾಫ್ಟ್‌ವೇರ್ ಆರಿಸುವಾಗ ಮಾತ್ರ ನೆನಪಾಗಿರಲಿಲ್ಲ.

ಅವತ್ತು ಸಂಜೆ ಏಳಕ್ಕೆ ಅವನು ಮೋಡೆಮ್ ಹಾಕಲಿಲ್ಲ. ತಂತಿ ಕಿತ್ತು, ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು, ಬಹಳ ದೊಡ್ಡ ತ್ಯಾಗ ಮಾಡಿದವನ ಮುಖದಲ್ಲಿ ಬಂದು ಹೆಂಡತಿಯ ಮುಂದೆ ಕೂತ. ಇಷ್ಟೆಲ್ಲ ನೋಡಿದ ಮೇಲೆ ತಾನು ಒಂದು ತೀರ್ಮಾನಕ್ಕೆ ಬಂದಿರುವುದಾಗಿಯೂ, ಕಟ್ಟೆಯನ್ನು ಇನ್ನು ಮುಂದೆ ಅವಳ ಫೋನಿಗೇ ವರ್ಗಾಯಿಸುವುದಾಗಿಯೂ ಹೇಳಿದ.

"ಅದು ಇಲ್ಲೇ ಇದೆ ಕಣ್ರೀ," ಎಂದಳು ಕೌಸಲ್ಯಾ. "ನೀವು ಈಗ ಬಂದ್ರಿ."

ಆಮೇಲೆ ಒಂದು ಷರತ್ತು ಹಾಕಿದಳು. ಭಾನುವಾರ ಮಾಟುಂಗಾದಲ್ಲಿ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಮಗಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಹೋಗುತ್ತಾಳೆ. ಅವತ್ತು ಫೋನಿನ ಹತ್ತಿರ ಅವನು ಕೂರಬೇಕು. ಬಂದ ಕರೆಗೆ ಉತ್ತರ ಕೊಟ್ಟರೆ ಸಾಲದು, ಬಾರದ ಕರೆ ಯಾರದು ಎಂದೂ ಲಕ್ಷ್ಯವಿರಬೇಕು.

ಭಾನುವಾರ ಮೊದಲ ಕರೆ ರಾಮಸ್ವಾಮಿಯವರದೇ. ಮನೆಗೆ ಬಂದಿದ್ದರು. ಕೌಸಲ್ಯಮ್ಮನಿಗೆ ಕೊಡು ಎಂದರು. ಅವಳಿಲ್ಲವೆಂದು ತಿಳಿದ ಮೇಲೆ, ಹಾಗಾದರೆ ನೀನೇ ಹೇಳು, ಎಲ್ಲರ ಮನೆಯ ಸಮಾಚಾರ ಏನು ಎಂದರು. ತಿರುಮಲೇಶ ತಲೆ ಕೆರೆದುಕೊಂಡ. ಕಟ್ಟೆಯ ಹನ್ನೆರಡು ಮಂದಿಯಲ್ಲಿ ಯಾರ ಮಗ ಯಾವ ಕ್ಲಾಸು, ಯಾರ ತಾಯಿಗೆ ಮೈಯಲ್ಲಿ ಹುಷಾರಿಲ್ಲ, ಒಂದೂ ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಅವರನ್ನು ಕೂರಿಸುವುದು ಎಲ್ಲಿ ಎಂದೇ ಯೋಚಿಸಿದ್ದ. ನಂಜುಂಡ ನನ್ನನ್ನು ನೋಡಲು ಬಂದಾಗ ಒಂದು ಸಲವೂ ನಗಲಿಲ್ಲ, ಅವನನ್ನು ಸ್ವಲ್ಪ ವಿಚಾರಿಸು ಎಂದು ಹೇಳಿ ರಾಮಸ್ವಾಮಿಯವರು ಫೋನಿಟ್ಟರು.

ನಂಜುಂಡನ ಮನೆಯಲ್ಲಿ ಫೋನಿರಲಿಲ್ಲ. ಅವನದು ಪಕ್ಕದ ಮನೆಯ ಪಿ.ಪಿ. ನಂಬರು. ತಿರುಮಲೇಶ ತಿರುಗಿಸಿದ. ಒಬ್ಬ ಮರಾಠಿ ಹೆಂಗಸು ಎತ್ತಿಕೊಂಡು, ನಿಲ್ಲಿ ಎನ್ನುವ ಅರ್ಥದಲ್ಲಿ ಥಾಂಬಾ ಎಂದು ಹೇಳಿ ಫೋನನ್ನು ಮಗ್ಗುಲಾಗಿಟ್ಟು ಹೋದಳು. ಅವನು ಕಾದ. ಕುಕ್ಕರಿನ ಶಿಳ್ಳೆ ಕೇಳಿತು, ಟಿ.ವಿ. ಕೇಳಿತು. ಯಾರದೋ ಮನೆಯ ನಡುವೆ ಹೀಗೆ ಬಾಗಿಲಲ್ಲಿ ನಿಂತವನಂತೆ ಕಾಯುವುದು ಅವನಿಗೆ ಅದೇ ಮೊದಲು. ಆಮೇಲೆ ಚಪ್ಪಲಿಯ ಸದ್ದು, ನಂಜುಂಡನ ದನಿ.

"ಏನಾಯ್ತೋ? ಬೋರ್ಡ್ ಕೆಟ್ಟೋಯ್ತಾ?"

"ಇಲ್ಲ ಕಣೋ. ಸುಮ್ನೆ ಮಾಡ್ದೆ. ನೀನು ಹೇಗಿದೀಯ?"

  ನಂಜುಂಡ ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಂಡ. ಪಿಸುಗುಟ್ಟಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದ.

"ಇಲ್ಲಿ ಇವರ್ಗೆ ಕನ್ನಡ ಬರಲ್ಲ, ಹೇಳಬಹುದು. ಕಂಪನಿ ಬಾಗಿಲು ಹಾಕಿದಾರೆ ಕಣೋ, ದೀಪಾವಳಿ ಆದ್ಮೇಲೆ ತೆಗೀಲೇ ಇಲ್ಲ. ಮನೇಲಿ ಹೇಳಿಲ್ಲ. ದಿನಾ ಡಬ್ಬಿ ತಗೊಂಡು ಗಾಡಿ ಹತ್ತುತೀನಿ."

  ಕಂಪನಿಯ ಯಂತ್ರ ಕೈತಪ್ಪಿದ್ದರಿಂದ, ಬೋರ್ಡಿನ ಮೇಲೆ ತಾನು ಹಾಕಿದ್ದ ಚುಚ್ಚುಮಾತನ್ನು ನಂಜುಂಡ ಓದಿರಲು ಸಾಧ್ಯವೇ ಇರಲಿಲ್ಲ ಎಂಬುದೊಂದೇ ತಿರುಮಲೇಶನಿಗೆ ಸಮಾಧಾನ. ಹೇಳು ಎಂದ. ನಂಜುಂಡ ಮುಂದುವರಿಸಿದ. ದಿನವಿಡೀ ಎಲ್ಲಿ ಕೂರುತ್ತಾನೆ, ಹೆಂಡತಿಗೆ ಸಂಬಳ ತಡವೆಂದು ಏನೇನು ಕಾರಣ ಕೊಟ್ಟಿದ್ದಾನೆ, ಗಲಭೆಯ ದಿನಗಳಲ್ಲಿ ಮನೆಯಲ್ಲೇ ಇರಬಹುದಲ್ಲ ಎಂದು ಹೇಗೆ ನೆಮ್ಮದಿಯಾಗಿತ್ತು, ಹಾಗೆ ನೆಮ್ಮದಿಯಾದದ್ದಕ್ಕೆ ತನ್ನ ಮೇಲೆ ತನಗೇ ಹೇಗೆ ಹೇಸಿಗೆಯಾಯಿತು, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದ. ಅಷ್ಟು ಮಾತನ್ನು ಅವನು ಆ ಮನೆಯವರ ಎದುರಿಗೇ, ಅವರ ಸೋಫಾದ ಪಕ್ಕದಲ್ಲೇ ನಿಂತು ಆಡುತ್ತಿದ್ದ.

ಕರೆ ಮಾಡಿದವನು ತಾನು, ಬಿಲ್ಲು ಬರುವುದೂ ತನಗೇ, ಆದ್ದರಿಂದ ಇಡುವ ಅವಸರ ಯಾರಿಗೂ ಇರಲಿಲ್ಲ. ತಿರುಮಲೇಶ ಕಾಲಿನಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ.